ಕುರ್ಚಿ ತಿರುಗಿಸಿ ಕೂರುವುದು

ಎರಡು ಚಳಿಗಾಲ ನಾನು
ಕೆಮ್ಮು ಕೇಳುವ ಮನೆಗಳ ಓಣಿ ಬಿಟ್ಟು
ಸುತ್ತು ಬಳಸಿ ನೀರಿಗೆ ಹೋದೆ.
ಅದೇನು ಸುಲಭವಲ್ಲ.
ಮೊಖೊಟ್ಲಾಂಗಿನ ಈ ಗುಡ್ಡದ ನೆತ್ತಿಯಲ್ಲಿ
ಇಪ್ಪತ್ತಾರು ಒಲೆ, ಒಂಬತ್ತು ಕೆಮ್ಮು.
ಎಲ್ಲವೂ ಗಡಿಯಾಚೆಯ ಚಿನ್ನದ ಗಣಿಯಿಂದ
ಕಂಬಳಿ, ರೇಡಿಯೋ, ತಗಡಿನ ಪೆಟ್ಟಿಗೆಯ ಜೊತೆ
ಸುಂಕ ಕಟ್ಟದೆ ದಾಟಿ ಬಂದವು.

ನನ್ನ ಮನೆಯದು ನಿಂತಿತ್ತು.
ಅವನ ಗಣಿ ಹೆಲ್ಮೆಟ್ಟಿನಲ್ಲಿ
ಕೋಳಿ ಕಾವಿಗೆ ಕೂತಿತ್ತು. ನಾನೇನೂ ಕೂರಿಸಿದ್ದಲ್ಲ,
ಅದೇ ಹುಡುಕಿಕೊಂಡಿತು; ಓಡಿಸಲು ಮನಸ್ಸಾಗಲಿಲ್ಲ.
ಅವನ ಹೆಸರು ಮಾತ್ರ ಯಾರೂ ಎತ್ತುವಂತಿರಲಿಲ್ಲ.
ಎತ್ತಿದರೆ ಎದ್ದು ಹೋಗುತ್ತಿದ್ದೆ,
ಮದುವೆ ಮನೆಯಾದರೂ ಸರಿ, ಚರ್ಚಾದರೂ ಸರಿ.

ಆ ರಾತ್ರಿ ಹಿಮ ಬಾಗಿಲ ಅರ್ಧಕ್ಕೆ ಬಂದಿತ್ತು.
ಪಕ್ಕದ ಮನೆಯ ಹುಡುಗ ತ್ಲಾಲಿ
"ಅಪ್ಪ ಒಣ ನೆಲದ ಮೇಲೆ ಮುಳುಗುತ್ತಿದ್ದಾನೆ" ಅಂದ.
ಕ್ಲಿನಿಕ್ಕಿಗೆ ಓಡು, ಅಂದೆ.
ದಾರಿ ಮುಚ್ಚಿದೆ, ಅಂದ.
ಪಾದ್ರಿಯನ್ನು ಕರಿ, ಅಂದೆ.
ಅವನು ಕದಲಲಿಲ್ಲ. ಮೂಗೊರೆಸಿಕೊಳ್ಳುತ್ತ ಅಲ್ಲೇ ನಿಂತ.
ಬರಿಗಾಲು.

ಬೈದುಕೊಂಡೇ ಹೊರಟೆ.
ಹಿಮವನ್ನು ಬೈದೆ, ಗಣಿಯನ್ನು ಬೈದೆ,
ಮಗುವಿನ ಕಾಲಿಗೆ ಏನೂ ತೊಡಿಸದೆ ಕಳಿಸಿದ ತಾಯಿಯನ್ನು ಬೈದೆ
(ಅವಳು ಸತ್ತು ವರ್ಷವಾಗಿತ್ತು, ಅರ್ಧ ದಾರಿಯಲ್ಲಿ ನೆನಪಾಯಿತು).

ಮೊಲೆಫಿ ಚಾಪೆಯ ಮೇಲೆ ಅಂಗಾತ.
ಸುತ್ತ ನಾಲ್ಕು ಜನ, ನಾಲ್ವರ ಬಾಯಲ್ಲೂ ಪ್ರಾರ್ಥನೆ.
ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು:
ಮಲಗಿಸಬೇಡಿ! ಕುರ್ಚಿ ತನ್ನಿ.
ತಿರುಗಿಸಿ. ಒರಗುವ ಕಡೆಗೆ ಎದೆ.
ಅದರ ಮೇಲೆ ಕೈ, ಕೈಯ ಮೇಲೆ ಹಣೆ.
ತುಟಿ ಚೂಪು ಮಾಡು, ಬಿಸಿ ಚಹಾ ಊದುವ ಹಾಗೆ.
ಎಳೆಯುವುದು ಆಮೇಲೆ. ಮೊದಲು ಬಿಡು.
ಬಿಡು. ಇನ್ನೂ ಇದೆ ಒಳಗೆ, ಬಿಡು.

ಬೆನ್ನ ಮೇಲೆ ಅಂಗೈ ಇಟ್ಟೆ.
ಅದೇ ಬೆನ್ನು. ಪಕ್ಕೆಲುಬಿನ ಅದೇ ಏಣಿ.
ಒಳಗೆ ಅದೇ ಕಲ್ಲುಪುಡಿ ಜಾರುವ ಸದ್ದು.
ಮೂರು ವರ್ಷ ರಾತ್ರಿಯೆಲ್ಲ ಕಲಿತದ್ದು
ಅವನ ಜೊತೆ ಮಣ್ಣಿಗೆ ಹೋಯಿತೆಂದುಕೊಂಡಿದ್ದೆ.
ಅಂಗೈಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಮೊಲೆಫಿ
ಎರಡು ಮಾತಿಗಾಗುವಷ್ಟು ಗಾಳಿ ಕೂಡಿಹಾಕಿ ಕೇಳಿದ:
"ಯಾರು ಕಲಿಸಿದರು?"
ಒಲೆಯಲ್ಲಿ ಬೆರಣಿ ಮುರಿದು ಬಿತ್ತು.
"ಸೆಖೊನ್ಯಾನ" ಅಂದೆ.
"ಸೆಖೊನ್ಯಾನ ಹೀಗೇ ಕೂರುತ್ತಿದ್ದ.
ಗದ್ದ ಇನ್ನೊಂದು ಚೂರು ಕೆಳಗೆ. ಹಾಂ, ಹಾಗೆ."
ಯಾರೂ ಎದ್ದು ಹೋಗಲಿಲ್ಲ. ನಾನೂ.

ಮನೆಗೆ ಬಂದು ತಂಗಳು ಮುದ್ದೆ ಮುರಿದೆ.
ಗಂಟಲು ಅಡ್ಡಗಟ್ಟಲಿಲ್ಲ. ತಳ ಕೆರೆದು ತಿಂದೆ.

ದೊಡ್ಡದೇನೂ ಆಗಲಿಲ್ಲ.
ಮೊಲೆಫಿ ಬದುಕಿದ್ದು ಮುಂದಿನ ಕೊಯ್ಲಿನ ತನಕ.
ಬೇರೆ ಮನೆಗಳು ಕರೆದವು. ಕುರ್ಚಿಯಿಲ್ಲದ ಕಡೆಗೆ
ನನ್ನದನ್ನೇ ತಲೆಯ ಮೇಲೆ ಹೊತ್ತು ಹೋದೆ.
ಪರಿಹಾರದ ಅರ್ಜಿ ತುಂಬುವುದು ಕಲಿತೆ:
ನೆಲದಡಿ ಎಷ್ಟು ವರ್ಷ? ಯಾವ ಶಾಫ್ಟು?
ರೋಗಿಗೂ ನಿಮಗೂ ಏನು ಸಂಬಂಧ?
ಆ ಗೆರೆಯ ಮೇಲೆ ಪ್ರತಿ ಸಲ ಪೆನ್ನು ತಡೆಯುತ್ತದೆ.
ಒಮ್ಮೆ "ಕುರ್ಚಿ ತರುವವಳು" ಎಂದು ಬರೆದೆ.
ಆಫೀಸಿನವರು ವಾಪಸು ಕಳಿಸಿದರು.

ಈಗ ನೀರಿಗೆ ನೇರ ದಾರಿಯಲ್ಲೇ ಹೋಗುತ್ತೇನೆ.
ಹೋಗುತ್ತ ಕಿವಿಗೊಟ್ಟು ಎಣಿಸುತ್ತೇನೆ. ಏಳು.
ಇವತ್ತು ಬೆಳಿಗ್ಗೆ ಆರೇ ಸಿಕ್ಕವು.
ಬಿಂದಿಗೆ ಇಳಿಸಿ, ನಡು ಓಣಿಯಲ್ಲಿ ನಿಂತೆ.
ತ್ಲಾಲಿಯ ಚಿಕ್ಕಪ್ಪನದು ತಡವಾಗಿ ಬಂತು,
ಒದ್ದೆ ಸೌದೆ ಹತ್ತಿಕೊಂಡ ಹಾಗೆ.
ಬಿಂದಿಗೆ ಎತ್ತಿಕೊಂಡೆ.